ಯೋಧರ ಮನೋವ್ರಣ ಮತ್ತು ಅದರ ಅಳತೆ

ರಣದಲ್ಲಿ ಮಡಿದವನಿಗೆ ಕಲ್ಲು ನಿಲ್ಲಿಸುವ ಪದ್ಧತಿಯು ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದದ್ದು. ಊರ ಅಗಸೆಯ ಹತ್ತಿರ, ಹನುಮಂತದೇವರ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ ಎಷ್ಟೋ ವೀರಗಲ್ಲುಗಳು ಇಂದಿಗೂ ನಿಂತಿರುವವು. ಆದರೆ ರಣದಿಂದ ಜೀವಸಹಿತ ಮರಳಿ ಬಂದು, ಮುಂದೆ ಮೂವತ್ತು ವರ್ಷ ನೆಟ್ಟಗೆ ನಿದ್ರೆಯಿಲ್ಲದೆ ಬಾಳಿದವನಿಗಾಗಿ ನಮ್ಮ ಹಿರಿಯರು ಯಾವ ಕಲ್ಲನ್ನೂ ಕಡೆಯಿಸಲಿಲ್ಲ. ಅವನ ಸಂಕಟಕ್ಕೆ ಆಗ ಹೆಸರೇ ಇರಲಿಲ್ಲವಾದ್ದರಿಂದ ಅದನ್ನು ತಪ್ಪೆನ್ನಲಾಗದು. ಈಗ ಹೆಸರೂ ಉಂಟು, ಅಳತೆಯೂ ಉಂಟು. ಹೀಗಿದ್ದರೂ ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ನಿವೃತ್ತ ಸಿಪಾಯಿಗೆ ಅವೆರಡೂ ದೊರೆಯುವದು ದುರ್ಲಭವಾಗಿರುವದೇ ನಾವು ಇಂದು ಈ ವಿಷಯವನ್ನು ಎತ್ತಿಕೊಳ್ಳುವದಕ್ಕೆ ಕಾರಣ.

ಶೌರ್ಯದ ಮಾತಿನಲ್ಲಿ ಈ ಸೀಮೆಗೆ ಯಾರೂ ಪಾಠ ಹೇಳಬೇಕಾದದ್ದಿಲ್ಲ. ೧೭೦೫ರಲ್ಲಿ ವೃದ್ಧ ಔರಂಗಜೇಬನು ತಾನೇ ದಂಡೆತ್ತಿ ಬಂದು ವಾಗಿನಗೇರಿಯ ಕೋಟೆಯನ್ನು ಮುತ್ತಿದಾಗ ಬೇಡರ ಪಡೆಯು ಎರಡು ತಿಂಗಳಿಗೆ ಮೇಲ್ಪಟ್ಟು ಅವನನ್ನು ತಡೆದು ನಿಲ್ಲಿಸಿತು. ೧೮೫೮ರ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರ ಜನರು ಸುರಪುರದಲ್ಲಿ ಆಂಗ್ಲರ ದಂಡಿನೊಡನೆ ಹೋರಾಡಿದರು. ಈ ಸೀಮೆಯು ನಿಜಾಮರ ಸಂಸ್ಥಾನದಲ್ಲಿದ್ದ ಕಾಲಕ್ಕೆ, ೧೯೪೧ರ ಡಿಸೆಂಬರದಲ್ಲಿ, ಜಪಾನೀಯರು ಮಲಾಯಾದ ಕೋಟಾಭಾರುವಿನಲ್ಲಿ ಇಳಿದಾಗ ಅಲ್ಲಿಯ ವಿಮಾನಸ್ಥಾನದ ಕಾವಲಿಗಿದ್ದದ್ದು ಹೈದರಾಬಾದ ಸಂಸ್ಥಾನದ ಒಂದು ಪದಾತಿ ದಳವೇ. ಸ್ವಾತಂತ್ರ್ಯಾನಂತರವಂತೂ ಕನ್ನಡ ತರುಣರು ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಲೈಟ್ ಇನ್ಫಂಟ್ರಿ, ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದ್ರಾಸ ಸ್ಯಾಪರ್ಸ ಮೊದಲಾದ ದಳಗಳನ್ನು ಸೇರಿ ಶ್ರೀಲಂಕೆಯಿಂದ ಸಿಯಾಚಿನ್ನಿನ ವರೆಗೆ ಕಾಲಿಟ್ಟಿರುವರು. ಎಷ್ಟು ಜನ ಹೋದರು, ಎಷ್ಟು ಜನ ಮಡಿದರು ಎಂಬದನ್ನು ದಫ್ತರಗಳು ಬಲ್ಲವು. ಮರಳಿ ಬಂದವರು ಹೇಗಿರುವರೆಂಬದನ್ನು ಅವರ ಮನೆಯ ಹೆಂಗಸರು ಮಾತ್ರ ಬಲ್ಲರು.

ವೈದ್ಯಶಾಸ್ತ್ರವು ಈ ಬೇನೆಗೆ ಪಿ.ಟಿ.ಎಸ್.ಡಿ. ಎಂಬ ಹ್ರಸ್ವನಾಮವನ್ನಿಟ್ಟಿದೆ. ನಾವು ಅದನ್ನು ಆಘಾತೋತ್ತರ ಮನಃಕ್ಲೇಶವೆಂದು ಕರೆಯೋಣ. ಇದರ ಲಕ್ಷಣಗಳು ನಾಲ್ಕು ತೆರನಾದವು. ನಡೆದುಹೋದ ಭೀಕರ ಘಟನೆಯು ಬೇಡವೆಂದರೂ ಹಗಲಿನಲ್ಲಿ ನೆನಪಾಗಿ, ಇರುಳಿನಲ್ಲಿ ಕನಸಾಗಿ ಮರಳಿ ಬರುವದು. ಅದನ್ನು ನೆನಪಿಗೆ ತರುವ ಸ್ಥಳ, ಮಾತು, ಮನುಷ್ಯರಿಂದ ದೂರ ಸರಿಯುವದು. ತನ್ನ ಮೇಲೂ ಲೋಕದ ಮೇಲೂ ನಂಬಿಕೆ ಕಳೆದುಕೊಂಡು ಹೆಂಡಿರು ಮಕ್ಕಳಲ್ಲಿಯೂ ಮಮತೆ ಬತ್ತುವದು. ಸಣ್ಣ ಸಪ್ಪಳಕ್ಕೆ ಬೆಚ್ಚಿ ಬೀಳುವದು, ಸಿಟ್ಟು, ನಿದ್ರಾನಾಶ, ಸದಾ ಕಾವಲಿನಲ್ಲಿರುವವನಂಥ ಎಚ್ಚರ. ಇವು ಒಂದು ತಿಂಗಳಿಗಿಂತ ಹೆಚ್ಚು ಕಾಲ ನಿಂತು ಬಾಳನ್ನು ಕೆಡಿಸಿದರೆ ಮಾತ್ರ ರೋಗವೆನಿಸುವದು. ಕೆಲವರಲ್ಲಿ ಅದು ಆರು ತಿಂಗಳಾದ ಮೇಲೆ, ಇನ್ನು ಕೆಲವರಲ್ಲಿ ವರ್ಷಗಳು ಕಳೆದ ಮೇಲೆ ಪೂರ್ಣವಾಗಿ ತಲೆಯೆತ್ತುವದುಂಟು. ಯುದ್ಧ ಕಂಡವರೆಲ್ಲರಿಗೂ ಇದು ತಗಲುವದೆಂದು ಯಾರೂ ತಿಳಿಯಬಾರದು. ಬಹುಜನರು ಸ್ವಸ್ಥರಾಗಿಯೇ ಮನೆಗೆ ಮರಳುವರು. ಹಾಗೆಂದೇ ಅಳತೆಯ ಪ್ರಶ್ನೆ ಹುಟ್ಟುವದು. ಎಲ್ಲರಿಗೂ ಉಂಟೆಂದರೆ, ಇಲ್ಲವೆ ಯಾರಿಗೂ ಇಲ್ಲವೆಂದರೆ, ಅಳೆಯುವ ತೊಂದರೆಯೇ ಇರುತ್ತಿರಲಿಲ್ಲ.

ಅಳತೆಯಿಲ್ಲದ ಕಾಲದಲ್ಲಿ ಏನಾಗುತ್ತಿತ್ತೆಂಬದನ್ನು ಮೊದಲನೆಯ ಮಹಾಯುದ್ಧವು ತೋರಿಸಿಕೊಟ್ಟಿದೆ. ೧೯೧೫ರ ಫೆಬ್ರುವರಿಯಲ್ಲಿ ಚಾರ್ಲ್ಸ್ ಮಾಯರ್ಸ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ‘ಶೆಲ್ ಶಾಕ್’ ಎಂಬ ಶಬ್ದವನ್ನು ಬಳಸಿ ಲೇಖನ ಬರೆದರು. ಗುಂಡಿನ ಸ್ಫೋಟದಿಂದ ಮೆದುಳು ಕದಡುವದರಿಂದ ಈ ರೋಗ ಬರುವದೆಂದು ಮೊದಮೊದಲು ಭಾವಿಸಲಾಗಿತ್ತು. ಸ್ಫೋಟದ ಸಮೀಪ ಸುಳಿಯದವರಲ್ಲಿಯೂ ಅದು ಕಂಡಾಗ ಆ ಊಹೆ ಬಿದ್ದುಹೋಯಿತು. ೧೯೧೭ರಲ್ಲಿ ಸೈನ್ಯಾಧಿಕಾರಿಗಳು ರಣಭೂಮಿಯಲ್ಲಿ ಆ ಶಬ್ದವನ್ನು ಬಳಸುವದನ್ನೇ ನಿಲ್ಲಿಸಿದರು. ಹೆಸರನ್ನು ತೆಗೆದರೆ ರೋಗವೂ ಹೋಗುವದೆಂಬ ಈ ನಂಬಿಕೆಯು ಇಂದಿಗೂ ಕಛೇರಿಗಳಲ್ಲಿ ಪೂರ್ಣವಾಗಿ ಅಳಿದಿಲ್ಲ. ಅದೇ ಯುದ್ಧದಲ್ಲಿ ಹೇಡಿತನ, ಪಲಾಯನ ಮೊದಲಾದ ಅಪರಾಧಗಳಿಗಾಗಿ ಬ್ರಿಟಿಷ್ ಸಾಮ್ರಾಜ್ಯದ ೩೦೬ ಸೈನಿಕರು ತಮ್ಮ ಪಕ್ಷದವರ ಗುಂಡಿಗೇ ಆಹುತಿಯಾದರು. ಅವರಿಗೆ ಕ್ಷಮಾದಾನ ಸಿಕ್ಕಿದ್ದು ೨೦೦೬ರಲ್ಲಿ. ಅವರೊಳಗೆ ಎಷ್ಟು ಜನ ಹೇಡಿಗಳು, ಎಷ್ಟು ಜನ ರೋಗಿಗಳು ಎಂದು ಈಗ ಅಳೆಯುವವರಾರು? ಅಮೇರಿಕೆಯ ಮನೋವೈದ್ಯರು ಈ ರೋಗಕ್ಕೆ ಲಕ್ಷಣಗಳನ್ನು ಗೊತ್ತುಪಡಿಸಿ ತಮ್ಮ ಕೈಪಿಡಿಯಲ್ಲಿ ಸೇರಿಸಿದ್ದು ೧೯೮೦ರಲ್ಲಿ, ಅದೂ ವಿಯೆಟ್ನಾಮಿನಿಂದ ಮರಳಿದವರ ಕೂಗು ಕಿವಿಗೆ ಬಿದ್ದ ಮೇಲೆ.

ಈಗ ರೂಢಿಯಲ್ಲಿರುವ ಮಾಪನಗಳ ರೀತಿ ಹೀಗಿದೆ. ಮೊದಲನೆಯದು ಐದೇ ಪ್ರಶ್ನೆಗಳ ಒಂದು ಜರಡಿ. ಯಾವ ದವಾಖಾನೆಯ ವೈದ್ಯನಾದರೂ ನಾಲ್ಕು ನಿಮಿಷದಲ್ಲಿ ಕೇಳಬಹುದಾದದ್ದು. ಎರಡನೆಯದು ಪಿ.ಸಿ.ಎಲ್. ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿ. ಕಳೆದ ಒಂದು ತಿಂಗಳಲ್ಲಿ ಇಂತಿಂಥ ಬಾಧೆ ಎಷ್ಟಾಯಿತೆಂಬದಕ್ಕೆ ಸೊನ್ನೆಯಿಂದ ನಾಲ್ಕರ ವರೆಗೆ ಅಂಕವಿಟ್ಟರೆ ಒಟ್ಟು ೮೦. ಸುಮಾರು ೩೧ರಿಂದ ೩೩ಕ್ಕೆ ಮೇಲಾದರೆ ಮನುಷ್ಯನನ್ನು ಕೂಲಂಕಷವಾಗಿ ಪರೀಕ್ಷಿಸತಕ್ಕದ್ದೆಂದು ಅಮೇರಿಕೆಯಲ್ಲಿ ಗೊತ್ತುಮಾಡಿರುವರು. ಮೂರನೆಯದು ಕ್ಯಾಪ್ಸ್ ಎಂಬ ಸಂದರ್ಶನ; ತರಬೇತು ಪಡೆದ ವೈದ್ಯರೇ ಎದುರಿಗೆ ಕುಳಿತು ಸುಮಾರು ಒಂದು ತಾಸು ಕೇಳಿ, ಉತ್ತರವನ್ನು ತೂಗಿ ನೋಡಿ ಅಂಕವಿಡುವದು. ಮೊದಲಿನ ಎರಡು ಸಂದೇಹವನ್ನು ಹುಟ್ಟಿಸುವಂಥವು, ಮೂರನೆಯದು ನಿಶ್ಚಯಿಸುವಂಥದು. ಸಂದೇಹವನ್ನೇ ನಿಶ್ಚಯವೆಂದು ಬರೆದುಕೊಂಡರೆ ಅನರ್ಥ ತಪ್ಪಿದ್ದಲ್ಲ.

ಅಳತೆಗೋಲು ಬದಲಾದರೆ ಸಂಖ್ಯೆ ಎಷ್ಟು ಬದಲಾಗುವದೆಂಬದಕ್ಕೆ ಅಮೇರಿಕೆಯವರ ಲೆಕ್ಕವೇ ಸಾಕ್ಷಿ. ವಿಯೆಟ್ನಾಮ್ ಯೋಧರನ್ನು ಕುರಿತು ೧೯೮೮ರಲ್ಲಿ ಪ್ರಕಟವಾದ ಒಂದು ಸರಕಾರಿ ಅಧ್ಯಯನವು ಆ ಹೊತ್ತಿನಲ್ಲಿ ಈ ರೋಗವುಳ್ಳವರು ಶೇಕಡಾ ೨.೨ ಎಂದಿತು. ಎರಡೇ ವರ್ಷಗಳ ಮೇಲೆ, ಅವರ ಸಂಸತ್ತಿನ ಅಪ್ಪಣೆಯ ಮೇರೆಗೆ ನಡೆದ ಇನ್ನೊಂದು ಅಧ್ಯಯನವು ಪುರುಷ ಯೋಧರಲ್ಲಿ ಶೇಕಡಾ ೧೫.೨ ಎಂದಿತು. ಯುದ್ಧ ಒಂದೇ, ದಂಡು ಒಂದೇ. ಕೇಳಿದ ಪ್ರಶ್ನೆ, ಕೇಳಿದ ರೀತಿ, ಗೆರೆ ಎಳೆದ ಸ್ಥಳ ಬೇರೆ. ೨೦೦೬ರಲ್ಲಿ ಎರಡನೆಯ ಅಧ್ಯಯನದ ಸಾಮಗ್ರಿಯನ್ನೇ ಸೈನ್ಯದ ಕಾಗದಪತ್ರಗಳೊಡನೆ ತಾಳೆ ನೋಡಿ, ಬಾಧೆಯ ತೀವ್ರತೆಯನ್ನೂ ಲೆಕ್ಕಕ್ಕೆ ಹಿಡಿದಾಗ ಆ ಸಂಖ್ಯೆಯು ೯.೧ಕ್ಕೆ ನಿಂತಿತು. ಶೇಕಡಾ ಎರಡು ಎಂಬವನು ಖಜಾನೆಯ ಮಿತ್ರನಾದಾನು, ಹದಿನೈದು ಎಂಬವನು ಯೋಧರ ಮಿತ್ರನಾದಾನು. ಸತ್ಯವು ಇಬ್ಬರ ಅಂಗಳದಲ್ಲಿಯೂ ಇರಲಿಲ್ಲ.

ಕಂದಾಯ ಖಾತೆಯ ನಮ್ಮ ವಾಚಕರಿಗೆ ಇದು ಹೊಸ ಮಾತಲ್ಲ. ಚಾವಡಿಯಲ್ಲಿ ಕುಳಿತು ಬರೆದ ಆಣೆವಾರಿಗೂ ಹೊಲದಲ್ಲಿ ನಿಂತು ಬೆಳೆ ಕೊಯ್ದು ತೂಗಿ ನೋಡಿದ ಆಣೆವಾರಿಗೂ ಎಷ್ಟು ಅಂತರವಿರುವದೆಂಬದನ್ನು ಅವರು ಬಲ್ಲರು. ಆ ಅಂತರದಲ್ಲಿಯೇ ಎಷ್ಟೋ ರೈತರ ಬರಗಾಲದ ಪರಿಹಾರ ಮುಳುಗಿಹೋಗಿದೆ. ಸಿಪಾಯಿಯ ಮನಸ್ಸಿನ ಬೆಳೆಯನ್ನೂ ಅವನ ಹೊಲಕ್ಕೇ ಹೋಗಿ ನೋಡಬೇಕಾಗಿದೆ. ಆ ಹೊಲವೆಂದರೆ ಅವನ ಭಾಷೆ.

ಆಂಗ್ಲದಲ್ಲಿ ಹುಟ್ಟಿದ ಪ್ರಶ್ನೆಯನ್ನು ಗ್ರಾಂಥಿಕ ಕನ್ನಡಕ್ಕೆ ಇಳಿಸಿ, ‘ಅನಪೇಕ್ಷಿತ ಸ್ಮೃತಿಗಳ ಪುನರಾವರ್ತನೆಯು ತಮಗೆ ಉಂಟೋ?’ ಎಂದು ಹುಣಸಗಿಯ ಕಡೆಯ ಮಾಜಿ ನಾಯಕನನ್ನು ಕೇಳಿದರೆ ಅವನು ಮರ್ಯಾದೆಯಿಂದ ‘ಇಲ್ರೀ’ ಎಂದು ಎದ್ದು ಹೋಗುವನು. ‘ಬ್ಯಾಡಂದ್ರೂ ಅದ ಕಣ್ಣಮುಂದ ಬಂದು ನಿಂದರ್ತದೇನು?’ ಎಂದು ಕೇಳಿದರೆ ಅವನ ಮುಖವೇ ಬೇರೆಯಾದೀತು. ಈ ಸೀಮೆಯ ಜನರು ದುಃಖವಾಗಿದೆ, ಭಯವಾಗಿದೆ ಎಂದು ಹೇಳುವದು ಅಪರೂಪ. ಎದಿ ಧಸಕ್ಕಂತದ, ತಲಿ ಭಾರ ಆಗ್ಯದ, ಜೀವ ನಿಲ್ಲವಲ್ದು ಎನ್ನುವರು. ಇಲ್ಲವೆ ಗಾಳಿ ಸೋಂಕಿದೆಯೆಂದು ತಾಯತ ಕಟ್ಟಿಸುವರು. ಮೈಯ ಭಾಷೆಯಲ್ಲಿ ಬಂದ ಉತ್ತರವನ್ನು ಮನಸ್ಸಿನ ಪಟ್ಟಿಯಲ್ಲಿ ಹುಡುಕಿದರೆ ಅಂಕವು ಸೊನ್ನೆಗೆ ಸಮೀಪವೇ ಬರುವದು. ಯಾದಗಿರಿ, ಗುರುಮಠಕಲ್ಲುಗಳ ಕಡೆ ತೆಲುಗು, ಪೇಟೆಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಮಾತು ಬೇರೆ ಇರುವವು. ಇನ್ನು ಸೊನ್ನೆಯಿಂದ ನಾಲ್ಕರ ವರೆಗಿನ ಐದು ದರ್ಜೆಗಳು ಹಳ್ಳಿಯವನಿಗೆ ಹೇಗೆ ತಿಳಿಯಬೇಕೆಂದು ಚಿಂತಿಸುವವರಿಗೆ ನಮ್ಮದೊಂದು ಸೂಚನೆ: ಏನೂ ಇಲ್ಲ, ನಾಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ ಎಂದು ಕೇಳಿರಿ. ತೊಗರಿಯ ಬೆಳೆಯನ್ನು ಈ ಲೆಕ್ಕದಲ್ಲಿ ಹೇಳಬಲ್ಲ ಹಿರಿಯನು ತನ್ನ ನಿದ್ರೆಯ ಬೆಳೆಯನ್ನೂ ಹೇಳಬಲ್ಲನು. ನಾವು ಇದನ್ನು ವಿನೋದಕ್ಕೆ ಹೇಳುತ್ತಿಲ್ಲ. ಮಾಪನವನ್ನು ಪರಭಾಷೆಯಿಂದ ತರುವಾಗ ಶಬ್ದಗಳನ್ನು ಮಾತ್ರವಲ್ಲ, ದರ್ಜೆಗಳನ್ನೂ ಗೆರೆಯನ್ನೂ ನಮ್ಮ ಜನರ ಮೇಲೆ ಒರೆದು ನೋಡಬೇಕೆಂಬದು ಶಾಸ್ತ್ರಜ್ಞರೇ ಒಪ್ಪಿದ ನಿಯಮ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳು ಮನಸ್ಸು ಮಾಡಿದರೆ ಕಲ್ಯಾಣ ಕರ್ನಾಟಕದ ಆಡುನುಡಿಯಲ್ಲಿ ಅಂಥ ಪಟ್ಟಿಯೊಂದನ್ನು ಸಿದ್ಧಪಡಿಸುವದು ಅಸಾಧ್ಯವಲ್ಲ.

ಶಹಾಪುರದ ಕಡೆಯ ಒಬ್ಬ ನಿವೃತ್ತ ಹವಾಲದಾರರನ್ನು ನಾವು ಬಹುಕಾಲದಿಂದ ಬಲ್ಲೆವು. ಹೋಟೆಲಿಗೆ ಬಂದರೆ ಗೋಡೆಗೆ ಬೆನ್ನು ಕೊಟ್ಟು ಬಾಗಿಲು ಕಾಣುವಂತೆಯೇ ಕುಳಿತುಕೊಳ್ಳುವರು. ಗಣಪತಿ ಕಳಿಸುವ ದಿನ, ದೀಪಾವಳಿಯ ದಿನ ಊರಲ್ಲಿರದೆ ಹೊಲದ ಗುಡಿಸಲಿಗೆ ಹೋಗಿ ಮಲಗುವರು. ಯಾರು ಏನು ಕೇಳಿದರೂ ‘ಆರಾಮ ಇದ್ದೀನ್ರೀ’ ಎಂಬುದೊಂದೇ ಉತ್ತರ. ಇಪ್ಪತ್ತು ಪ್ರಶ್ನೆಗಳಿಗೂ ಅವರು ಅದನ್ನೇ ಹೇಳಿಯಾರೆಂಬದರಲ್ಲಿ ನಮಗೆ ಸಂದೇಹವಿಲ್ಲ. ಅವರ ಪತ್ನಿಯು ಒಮ್ಮೆ ನಮ್ಮ ಮನೆಯವರ ಮುಂದೆ ಹೇಳಿದ ಮಾತು ಇದು: ‘ನಮ್ಮ ಮನ್ಯಾನವ್ರು ಬಂದಾರ್ರೀ, ಖರೆ, ಪೂರಾ ಬಂದಿಲ್ಲ.’ ಯಾವ ಮಾಪನವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಮನೆಯವರ ಸಾಕ್ಷ್ಯವನ್ನು ಬೇರೆಯಾಗಿ, ಸಮಾಧಾನದಿಂದ ಕೇಳಿ ಬರೆದುಕೊಳ್ಳದ ಪರೀಕ್ಷೆಯು ಅರ್ಧ ಪರೀಕ್ಷೆಯೆಂದೇ ನಮ್ಮ ಅಭಿಪ್ರಾಯ. ಊರವರ ಕಣ್ಣಿಗೆ ಬೀಳುವದು ಕುಡಿತವೊಂದೇ. ‘ಮಿಲಿಟರಿ ಮಂದಿ, ಕುಡೀತಾರ’ ಎಂದು ಜನ ನಕ್ಕು ಮುಂದೆ ಹೋಗುವರು. ಕುಡಿತದ ಕೆಳಗೆ ಏನಿದೆ, ಈ ಕ್ಲೇಶವೋ, ಖಿನ್ನತೆಯೋ, ಎಂದೋ ತಲೆಗೆ ಬಿದ್ದ ಪೆಟ್ಟೋ ಎಂದು ಬೇರ್ಪಡಿಸುವದೇ ಸಂದರ್ಶನದ ಕಾರ್ಯ.

ಸಿಪಾಯಿಯು ಮುಚ್ಚಿಡುವದಕ್ಕೂ ಕಾರಣವುಂಟು. ನಮ್ಮ ಸೈನ್ಯವು ತನ್ನವರ ಆರೋಗ್ಯವನ್ನು ‘ಶೇಪ್’ ಎಂಬ ಐದು ಅಕ್ಷರಗಳಲ್ಲಿ ಗುರುತಿಸುವದು. ಅವುಗಳಲ್ಲಿ ಮೊದಲನೆಯ ಅಕ್ಷರವೇ ಮನಸ್ಸಿನದು. ಕಿವಿ, ಕೈಕಾಲು, ದೇಹ, ಕಣ್ಣು ಆಮೇಲೆ. ವ್ಯವಸ್ಥೆಯನ್ನು ಮಾಡಿದವರು ಮನಸ್ಸಿಗೆ ಅಗ್ರಸ್ಥಾನವನ್ನು ಕೊಟ್ಟದ್ದು ಶ್ಲಾಘನೀಯವೇ. ಆದರೆ ಆ ಅಕ್ಷರದ ಮುಂದಿನ ಅಂಕವು ಏರಿತೆಂದರೆ ಬಡತಿ ನಿಂತಿತೆಂಬದು ಪ್ರತಿಯೊಬ್ಬ ಜವಾನನಿಗೂ ಗೊತ್ತು. ನಿವೃತ್ತನಾಗಿ ಬಂದ ಮೇಲೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ನೌಕರಿಯೇ ಎಷ್ಟೋ ಜನರ ಆಧಾರ. ತಲೆ ಕೆಟ್ಟಿದೆಯೆಂಬ ಚೀಟಿ ಹಿಡಿದವನ ಕೈಗೆ ಬಂದೂಕು ಕೊಡುವವರಾರು? ಹೀಗಾಗಿ ಅವನು ಸೇವೆಯಲ್ಲಿದ್ದಾಗಲೂ ಬಿಟ್ಟು ಬಂದಾಗಲೂ ಸುಳ್ಳು ಹೇಳುವದು ಬುದ್ಧಿವಂತಿಕೆಯೇ ಆಗುವದು. ಅಳತೆಯ ಫಲವು ವೈದ್ಯನ ಕಪಾಟಿನಲ್ಲಿಯೇ ಉಳಿಯುವದೆಂಬ ಭರವಸೆ ಇಲ್ಲದೆ ಯಾರೂ ನಿಜವನ್ನು ನುಡಿಯಲಾರರು. ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯದೆಯು ಗೌಪ್ಯವನ್ನು ರೋಗಿಯ ಹಕ್ಕೆಂದೇ ಹೇಳಿದೆ. ಅದನ್ನು ಅವನಿಗೆ ತಿಳಿಯಪಡಿಸುವದು ಅಧಿಕಾರಿವರ್ಗದ ಕರ್ತವ್ಯ.

ಅನ್ನವೂ ಅಳತೆಯನ್ನೇ ಅವಲಂಬಿಸಿದೆ. ಅಂಗವೈಕಲ್ಯದ ಪಿಂಚಣಿಯನ್ನು ನಿರ್ಣಯಿಸುವ ವೈದ್ಯಮಂಡಳಿಯು ಎರಡು ಪ್ರಶ್ನೆಗಳಿಗೆ ಉತ್ತರ ಬರೆಯುವದು: ವೈಕಲ್ಯವು ಶೇಕಡಾ ಎಷ್ಟು, ಅದು ಸೇವೆಯಿಂದ ಬಂದದ್ದೋ ಅಥವಾ ಉಲ್ಬಣಿಸಿದ್ದೋ. ಶೇಕಡಾ ೨೦ಕ್ಕೆ ಕಡಿಮೆಯಾದರೆ ಸಾಮಾನ್ಯವಾಗಿ ಆ ಬಾಬಿನಲ್ಲಿ ಕೈಗೇನೂ ಬಾರದು. ಕಾಲು ಹೋದವನ ಶೇಕಡಾವಾರನ್ನು ಕಣ್ಣಿನಿಂದಲೇ ಕಾಣಬಹುದು; ಮನಸ್ಸು ಮುರಿದವನದು ಬಿಡುಗಡೆಯ ದಿನದ ಪರೀಕ್ಷೆಯಲ್ಲಿ, ಅದೂ ಅವನು ಮನೆಗೆ ಹೋಗುವ ಆತುರದಲ್ಲಿ ‘ಎಲ್ಲ ಸರಿ’ ಎನ್ನುವಾಗ, ಹೇಗೆ ಕಂಡೀತು? ನ್ಯಾಯಾಲಯಗಳ ಮಾತೂ ಒಂದೇ ತೆರನಾಗಿಲ್ಲ. ೨೦೧೩ರಲ್ಲಿ ಧರಮವೀರ ಸಿಂಗ್ ಎಂಬವರ ಖಟ್ಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸೇರುವಾಗ ನಮೂದಾಗದ ರೋಗವು ಆಮೇಲೆ ಕಂಡರೆ ಸೇವೆಯಿಂದಲೇ ಬಂದದ್ದೆಂದು ಭಾವಿಸತಕ್ಕದ್ದು, ಅಲ್ಲವೆನ್ನುವ ಮಂಡಳಿಯು ಕಾರಣ ಕೊಡತಕ್ಕದ್ದೆಂದು ವಿಧಿಸಿತು. ೨೦೧೯ರಲ್ಲಿ ನರಸಿಂಗ ಯಾದವ ಎಂಬವರ ಖಟ್ಲೆಯಲ್ಲಿ ಅದೇ ನ್ಯಾಯಾಲಯವು, ಮನೋರೋಗವು ಸೇರ್ಪಡೆಯ ವೇಳೆಗೆ ಪರೀಕ್ಷಕರ ಕಣ್ಣು ತಪ್ಪಿಸಬಹುದಾದದ್ದೆಂದೂ, ಆ ಒಂದೇ ಕಾರಣದಿಂದ ಸೇವೆಯ ಮೇಲೆ ಹೊರಿಸಲಾಗದೆಂದೂ ಹೇಳಿತು. ಮೊದಲನೆಯದು ಅಪಸ್ಮಾರದಂಥ ರೋಗ, ಎರಡನೆಯದು ಸ್ಕಿಜೋಫ್ರೀನಿಯಾ. ನಾವು ಹೇಳುತ್ತಿರುವ ಕ್ಲೇಶವು ಎರಡೂ ಅಲ್ಲವೆಂಬದು ನಿಜ. ಆದರೆ ಸೇವೆಯ ಕಾಲದಲ್ಲಿಯೇ, ಕಠಿಣ ಠಾಣ್ಯದಿಂದ ಇಳಿದ ಕೂಡಲೆ ಮತ್ತು ವರ್ಷದ ಮೇಲೊಮ್ಮೆ, ಅಳತೆ ಮಾಡಿ ದಾಖಲೆಯಿಟ್ಟಿದ್ದರೆ ಬಡ ಸಿಪಾಯಿಯು ಊಹೆಗಳ ನಡುವೆ ಸಿಕ್ಕಿ ಕೋರ್ಟಿನ ಕಟ್ಟೆ ಹತ್ತುವ ಪ್ರಸಂಗವೇ ಕಡಿಮೆಯಾಗುತ್ತಿತ್ತು.

ಧಾರವಾಡ ಜಿಲ್ಹೆಯ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದರನ್ನು ಮರೆತ ಕನ್ನಡಿಗರಿಲ್ಲ. ೨೦೧೬ರ ಫೆಬ್ರುವರಿ ೩ರಂದು ಸಿಯಾಚಿನ್ನಿನಲ್ಲಿ ಹಿಮಪಾತವು ಹತ್ತು ಜನರನ್ನು ಹೂಳಿತು. ಐದು ದಿನಗಳಾದ ಮೇಲೆ ಹಿಮವನ್ನು ಅಗೆದಾಗ ಅವರೊಬ್ಬರಲ್ಲಿ ಉಸಿರಿತ್ತು. ೧೧ರಂದು ಅವರೂ ದಿಲ್ಲಿಯಲ್ಲಿ ತೀರಿಕೊಂಡರು. ದೇಶಕ್ಕೆ ದೇಶವೇ ಕಣ್ಣೀರಿಟ್ಟಿತು, ಇಡತಕ್ಕದ್ದೇ. ಆದರೆ ಆ ಐದು ದಿನ ಹಿಮವನ್ನು ಒಡೆದು ಒಬ್ಬೊಬ್ಬ ಸಂಗಾತಿಯನ್ನು ಹೊರತೆಗೆದ ಕೈಗಳ ಯೋಗಕ್ಷೇಮವನ್ನು ಕೇಳುವದು ನಮಗೆ ಹೊಳೆಯಲಿಲ್ಲ. ೧೯೮೭ರಿಂದ ೧೯೯೦ರ ವರೆಗೆ ಶ್ರೀಲಂಕೆಗೆ ಹೋದ ಶಾಂತಿಪಾಲನಾ ಪಡೆಯವರ ಸ್ಥಿತಿ ಇನ್ನೂ ವಿಷಾದಕರ. ಸುಮಾರು ೧೨೦೦ ಜನರನ್ನು ಅಲ್ಲಿ ಬಿಟ್ಟು ಬಂದ ಆ ದಂಡನ್ನು ಎದುರುಗೊಳ್ಳುವ ಉತ್ಸಾಹ ಯಾರಲ್ಲಿಯೂ ಇರಲಿಲ್ಲ. ಅವರೆಲ್ಲರೂ ಈಗ ಮುಪ್ಪಿನ ಹೊಸ್ತಿಲಲ್ಲಿರುವರು, ಕೆಲವರು ದಾಟಿರುವರು. ನೌಕರಿಯ ಗಡಿಬಿಡಿಯಲ್ಲಿ ಅಡಗಿದ್ದದ್ದು ಮುಪ್ಪಿನ ಬಿಡುವಿನಲ್ಲಿ ಮೇಲೇಳುವದುಂಟು. ಸರಕಾರವು ಅವರನ್ನು ವರ್ಷಕ್ಕೊಮ್ಮೆ, ಬದುಕಿರುವೆಯಾ ಎಂದು ಕೇಳಿ ಜೀವಂತ ಪ್ರಮಾಣಪತ್ರವನ್ನು ತೆಗೆದುಕೊಳ್ಳುತ್ತದೆ. ಹೇಗೆ ಬದುಕಿರುವೆ ಎಂದು ಕೇಳುವದಿಲ್ಲ.

ಇದಕ್ಕೆ ಹೊಸ ಖಾತೆ, ಹೊಸ ಕಟ್ಟಡಗಳೇನೂ ಬೇಕಿಲ್ಲ. ನಮ್ಮ ನೆರೆಯ ಬಳ್ಳಾರಿ ಜಿಲ್ಹೆಯಲ್ಲಿ ೧೯೮೫ರಿಂದ ನಿಮ್ಹಾನ್ಸ್ ಸಂಸ್ಥೆಯವರು ಪ್ರಾಥಮಿಕ ದವಾಖಾನೆಗಳ ವೈದ್ಯರಿಗೂ ಆರೋಗ್ಯ ಕಾರ್ಯ ಮಾಡುವವರಿಗೂ ಮನೋರೋಗವನ್ನು ಗುರುತಿಸಿ ಉಪಚರಿಸುವದನ್ನು ಕಲಿಸಿದರು. ಆ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು ೧೯೯೬ರಲ್ಲಿ ಭಾರತ ಸರಕಾರವು ಜಿಲ್ಹಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಬಳ್ಳಾರಿಯು ದೇಶಕ್ಕೆ ಕಲಿಸಿದ್ದನ್ನು ಯಾದಗಿರಿಯು ತನ್ನ ಮಾಜಿ ಸೈನಿಕರ ಮಟ್ಟಿಗಾದರೂ ಕಲಿಯಬಾರದೇಕೆ? ೨೦೦೯ರಲ್ಲಿ ಪ್ರತ್ಯೇಕ ಜಿಲ್ಹೆಯಾದ ಯಾದಗಿರಿಯಲ್ಲಿ ಈಗ ಸರಕಾರಿ ವೈದ್ಯಕೀಯ ವಿದ್ಯಾಲಯವೂ ಇದೆ. ‘ಮನೋಚೈತನ್ಯ’ ಯೋಜನೆಯ ಮೇರೆಗೆ ಮನೋವೈದ್ಯರು ಮಂಗಳವಾರ ತಾಲೂಕು ದವಾಖಾನೆಗಳಿಗೆ ಬರತಕ್ಕದ್ದಿದೆ. ಐದು ಪ್ರಶ್ನೆಗಳನ್ನು ತಾಲೂಕಿನ ವೈದ್ಯರು ಕೇಳಲಿ. ಸಂದೇಹ ಬಂದವರನ್ನು ಮಂಗಳವಾರದ ವೈದ್ಯರು ಇಪ್ಪತ್ತು ಪ್ರಶ್ನೆಗಳಿಂದ ನೋಡಲಿ. ತಾಸಿನ ಸಂದರ್ಶನಕ್ಕೆ ಮಾತ್ರ ಯಾದಗಿರಿಗೆ ಕರೆಯಲಿ. ಶಹಾಪುರ, ಸುರಪುರಗಳಿಗೆ ರೈಲೂ ಇಲ್ಲ. ಅಲ್ಲಿಯ ಮುದುಕನನ್ನು ಒಂದು ಪ್ರಶ್ನಾವಳಿಗಾಗಿ ರಾತ್ರಿಯೆಲ್ಲ ಪ್ರಯಾಣ ಮಾಡಿಸಿ ಬೆಂಗಳೂರಿಗೆ ಕಳಿಸುವದು ಉಪಚಾರವಲ್ಲ, ಶಿಕ್ಷೆ. ಸೈನಿಕ ಕಲ್ಯಾಣದ ಕಛೇರಿಯವರು ತಮ್ಮಲ್ಲಿರುವ ಯಾದಿಯ ಪ್ರಕಾರ ಒಬ್ಬೊಬ್ಬರಿಗೂ ಕಾಗದ ಬರೆದು ಕರೆಯಬೇಕು. ತಾನಾಗಿ ಬರಲಿ ಎಂದು ಕಾಯುತ್ತ ಕುಳಿತರೆ ಯಾರೂ ಬರಲಾರರು.

ಅಳೆದ ಮೇಲೆ ಉಪಾಯವಿಲ್ಲದ ರೋಗವೂ ಇದಲ್ಲ. ಆಘಾತದ ನೆನಪನ್ನೇ ವೈದ್ಯರ ಸಮಕ್ಷಮದಲ್ಲಿ ಮೆಲ್ಲಮೆಲ್ಲನೆ ಎದುರಿಸುವ ಮಾತಿನ ಚಿಕಿತ್ಸೆಗಳು ಬಹಳ ಜನರಿಗೆ ಗುಣ ಕೊಟ್ಟಿವೆ, ಗುಳಿಗೆಗಳೂ ಇವೆ. ಅದೇ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಕೇಳಿದರೆ ಚಿಕಿತ್ಸೆಯು ಫಲಿಸಿತೋ ಇಲ್ಲವೋ ಎಂಬದೂ ತಿಳಿಯುವದು.

ಮಾಜಿ ಸೈನಿಕರ ಮನೆಯವರಿಗೆ ಎರಡು ಮಾತು. ೨೦೨೨ರ ಅಕ್ಟೋಬರದಲ್ಲಿ ಆರಂಭವಾದ ಟೆಲಿಮಾನಸದ ಸಂಖ್ಯೆಯಾದ ೧೪೪೧೬ಕ್ಕೆ ದೂರವಾಣಿಯಲ್ಲಿ ಕರೆದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾದದ್ದಿಲ್ಲ. ಸೈನಿಕರಿಗೂ ಅವರ ಕುಟುಂಬದವರಿಗೂ ಇದರದೇ ಒಂದು ಪ್ರತ್ಯೇಕ ಶಾಖೆಯನ್ನು ೨೦೨೩ರ ಡಿಸೆಂಬರದಲ್ಲಿ ಪುಣೆಯ ಸೈನಿಕ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಲಾಯಿತು. ತಾಲೂಕಿನ ದವಾಖಾನೆಗೆ ಹೋಗುವಾಗ ಬಿಡುಗಡೆಯ ಪುಸ್ತಕವನ್ನೂ ಹಳೆಯ ಆಸ್ಪತ್ರೆಯ ಚೀಟಿಗಳನ್ನೂ ತಪ್ಪದೆ ಒಯ್ಯತಕ್ಕದ್ದು. ಮನೆಯೊಡತಿಯೂ ಜೊತೆಗೆ ಹೋಗಬೇಕು, ಮತ್ತು ವೈದ್ಯರು ಆಕೆಯನ್ನು ಕೇಳದಿದ್ದರೆ ತಾನಾಗಿಯೇ ಹೇಳಬೇಕು.